ಸುಣ್ಣ ಹೊತ್ತ ಸಡ್‌ಬರಿ

1978ರ ಬೇಸಿಗೆಯಲ್ಲಿ ಕೆನಡಾದ ಸಡ್‌ಬರಿ ಊರಿನ ಅಂಚಿನಲ್ಲಿ ನಿಂತವರಿಗೆ ಒಂದು ವಿಚಿತ್ರ ಮೆರವಣಿಗೆ ಕಾಣುತ್ತಿತ್ತು. ಕಾಲೇಜಿನ ರಜೆಯಲ್ಲಿದ್ದ ನೂರೆಪ್ಪತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರು ಸುಣ್ಣಕಲ್ಲಿನ ಪುಡಿ ತುಂಬಿದ ಚೀಲಗಳನ್ನು ಹೊತ್ತು, ಹುಲ್ಲುಕಡ್ಡಿಯೂ ಇಲ್ಲದ ಕರಿಬಂಡೆಯ ಗುಡ್ಡಗಳನ್ನು ಹತ್ತುತ್ತಿದ್ದರು. ಮೇಲೆ ಹೋಗಿ ಚೀಲ ಬಿಚ್ಚಿ ಕೈಯಾರೆ ಎರಚುವುದು, ಇಳಿದು ಬಂದು ಇನ್ನೊಂದು ಚೀಲ ಹೊರುವುದು. ಹೆಕ್ಟೇರಿಗೆ ಹತ್ತು ಟನ್ ಪುಡಿ ಬೀಳಬೇಕೆಂಬುದು ಲೆಕ್ಕ. ಟ್ರ್ಯಾಕ್ಟರ್ ಹತ್ತುವ ಜಾಗವಲ್ಲ. ಹತ್ತುವಂತಿದ್ದರೂ ತರುತ್ತಿರಲಿಲ್ಲವೇನೋ, ಏಕೆಂದರೆ ಆ ಕೆಲಸ ಹುಟ್ಟಿದ್ದೇ ಆದಷ್ಟು ಹೆಚ್ಚು ಕೈಗಳಿಗೆ ಕೂಲಿ ಕೊಡಲು. ಊರಿನ ಅನ್ನದಾತನೆಂದು ಹೆಸರಾಗಿದ್ದ ನಿಕಲ್ ಕಂಪನಿ ಹಿಂದಿನ ವರ್ಷವಷ್ಟೇ 2,800 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಸಾರಿತ್ತು. ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಸಿಗುತ್ತಿದ್ದ ಗಣಿ ಕೆಲಸವೂ ಆ ವರ್ಷ ಇರಲಿಲ್ಲ.

ಇವತ್ತು ಅದೇ ಸಡ್‌ಬರಿ ಟೊರಾಂಟೊದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿರುವ, 1,66,000 ಜನರಿರುವ ಮಧ್ಯಮ ಗಾತ್ರದ ನಗರ. ಪಾಲಿಕೆಯ ಎಲ್ಲೆಯೊಳಗೇ 330 ಕೆರೆ-ಸರೋವರಗಳಿವೆ. ಊರ ನಡುವಿನ ರಾಮ್ಸೆ ಸರೋವರದಲ್ಲಿ ಬೇಸಿಗೆಯಲ್ಲಿ ಈಜುತ್ತಾರೆ, ಚಳಿಗಾಲದಲ್ಲಿ ಅದರ ಮೇಲೆಯೇ ಸ್ಕೇಟ್ ಮಾಡುತ್ತಾರೆ. ನಲ್ಲಿ ನೀರಿನ ಒಂದು ಪಾಲು ಬರುವುದೂ ಅದರಿಂದಲೇ. ಗಾಳಿ ಒಂಟಾರಿಯೊದ ನಗರಗಳಲ್ಲೇ ಶುದ್ಧವಾದವುಗಳ ಸಾಲಿಗೆ ಸೇರುತ್ತದೆ. ಮನೆಯ ಬೆಲೆ ಟೊರಾಂಟೊದವರಿಗೆ ಹೊಟ್ಟೆಕಿಚ್ಚು ತರಿಸುವಷ್ಟು ಕಡಿಮೆ. ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯ, ವೈದ್ಯಕೀಯ ಶಿಕ್ಷಣ ಎಲ್ಲವೂ ಊರಲ್ಲೇ ಇವೆ.

ವಾಸಕ್ಕೆ ಯೋಗ್ಯವಾದ ನಗರಗಳ ಪಟ್ಟಿಗಳು ಈಚೆಗೆ ವರ್ಷಕ್ಕೆ ಹತ್ತಾರು ಬರುತ್ತವೆ. ಎಷ್ಟು ಉದ್ಯಾನ, ಎಷ್ಟು ಆಸ್ಪತ್ರೆ, ಮನೆಯಿಂದ ಕಚೇರಿಗೆ ಎಷ್ಟು ನಿಮಿಷ ಎಂದು ಅಂಕ ಹಾಕುತ್ತವೆ. ಅಂಥ ಪಟ್ಟಿ ಓದಿದರೆ ಒಳ್ಳೆಯ ಬದುಕು ಎಂಬುದು ಕೆಲವು ಊರುಗಳಿಗೆ ಹುಟ್ಟಿನಿಂದ ಬಂದ ಭಾಗ್ಯ ಎನಿಸಿಬಿಡುತ್ತದೆ. ಸಡ್‌ಬರಿಯ ಕಥೆ ಅದನ್ನು ಒಪ್ಪುವುದಿಲ್ಲ. ಈ ಊರಿನ ಹಸಿರನ್ನು ಒಮ್ಮೆ ಸುಟ್ಟು ಹಾಕಿದ್ದರು; ಮತ್ತೆ ಅದನ್ನು ಮಾಡಿದವರು ಬಹುಪಾಲು ಕೂಲಿ ಸಿಕ್ಕರೆ ಸಾಕೆಂದು ಬಂದವರು.

ಕಥೆಯ ಬೇರು ಬಹಳ ಆಳದಲ್ಲಿದೆ. ಸುಮಾರು 185 ಕೋಟಿ ವರ್ಷಗಳ ಹಿಂದೆ ಬಾಹ್ಯಾಕಾಶದಿಂದ ಬಂದ ದೈತ್ಯ ಬಂಡೆಯೊಂದು ಇಲ್ಲಿ ಅಪ್ಪಳಿಸಿತು. ಆ ಹೊಡೆತಕ್ಕೆ ಕರಗಿದ ಶಿಲೆ ತಣಿಯುವಾಗ ನಿಕಲ್, ತಾಮ್ರ, ಗಂಧಕ ಬೆರೆತ ಅದಿರು ತಳದಲ್ಲಿ ಕೂಡಿಕೊಂಡಿತು. ಭೂಮಿಯ ಒತ್ತಡಕ್ಕೆ ಸಿಕ್ಕಿ ಇವತ್ತು ಸುಮಾರು 60 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಮೊಟ್ಟೆಯಾಕಾರಕ್ಕೆ ಬಂದಿರುವ ಈ ತಗ್ಗಿನ ಅಂಚಿನುದ್ದಕ್ಕೂ ಗಣಿಗಳಿವೆ. ಇದು ಉಲ್ಕಾಘಾತದ ಗುರುತು ಎಂದು ಭೂವಿಜ್ಞಾನಿ ರಾಬರ್ಟ್ ಡೀಟ್ಜ್ ವಾದ ಮಂಡಿಸಿದ್ದು 1964ರಲ್ಲಿ. ಅದಿರು ಕಂಡದ್ದು ಮಾತ್ರ ಅದಕ್ಕಿಂತ ಎಂಬತ್ತು ವರ್ಷ ಮೊದಲೇ. 1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಹಳಿ ಹಾಕುತ್ತಿದ್ದಾಗ ಥಾಮಸ್ ಫ್ಲಾನಗನ್ ಎಂಬ ಕಮ್ಮಾರನ ಕಣ್ಣಿಗೆ ತುಕ್ಕುಬಣ್ಣದ ಕಲ್ಲು ಬಿತ್ತು. ರೈಲ್ವೆ ಕಾಮಗಾರಿಯ ಮೇಲಧಿಕಾರಿ ಜೇಮ್ಸ್ ವರ್ದಿಂಗ್ಟನ್ ತನ್ನ ಹೆಂಡತಿಯ ತವರಾದ ಇಂಗ್ಲೆಂಡಿನ ಸಡ್‌ಬರಿಯ ಹೆಸರನ್ನೇ ಇಲ್ಲಿನ ಠಾಣೆಗೆ ಇಟ್ಟ. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಇದ್ದ ಅನಿಶಿನಾಬೆ ಜನರನ್ನು ಯಾರೂ ಹೆಸರು ಕೇಳಲಿಲ್ಲ.

ಅವರ ಜೊತೆ ಬ್ರಿಟಿಷ್ ಸರ್ಕಾರ 1850ರಲ್ಲೇ ರಾಬಿನ್ಸನ್–ಹ್ಯೂರಾನ್ ಒಪ್ಪಂದ ಮಾಡಿಕೊಂಡಿತ್ತು. ನೆಲ ಬಿಟ್ಟುಕೊಟ್ಟದ್ದಕ್ಕೆ ಪ್ರತಿವರ್ಷ ತಲೆಗಿಷ್ಟು ಹಣ, ಆ ನೆಲದಿಂದ ಸಂಪತ್ತು ಬಂದಂತೆ ಮೊತ್ತವೂ ಏರಬೇಕು ಎಂಬ ಮಾತು ಅದರಲ್ಲಿತ್ತು. 1875ರಲ್ಲಿ ಅದು ತಲೆಗೆ 4 ಡಾಲರ್ ಆಯಿತು. ಆಮೇಲೆ ಭೂಮಿಯಿಂದ ಎಷ್ಟೋ ನೂರು ಕೋಟಿ ಡಾಲರ್‌ಗಳ ನಿಕಲ್ ಹೊರಬಂದರೂ ಆ 4 ಡಾಲರ್ ಅಲುಗಲಿಲ್ಲ. ಕೋರ್ಟು ಕಚೇರಿ ಅಲೆದ ಮೇಲೆ, 2023ರಲ್ಲಿ, ಹಿಂದಿನ ಬಾಕಿಗೆಂದು 1,000 ಕೋಟಿ ಡಾಲರ್ ಕೊಡಲು ಕೆನಡಾ ಮತ್ತು ಒಂಟಾರಿಯೊ ಸರ್ಕಾರಗಳು ಒಪ್ಪಿದವು. ಜೀವನಮಟ್ಟದ ಪಟ್ಟಿಗಳಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ.

ಮೊದಲು ಎಲ್ಲರೂ ಬಂದದ್ದು ತಾಮ್ರಕ್ಕೆ. 1886ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರಿಚಿ ಕಟ್ಟಿದ ಕಂಪನಿಯ ಹೆಸರೇ ಕೆನಡಿಯನ್ ಕಾಪರ್. ತಾಮ್ರದ ಜೊತೆ ಬಿಡದೆ ಅಂಟಿಕೊಂಡು ಬರುತ್ತಿದ್ದ ನಿಕಲ್ ಆಗ ಬರೀ ಪೀಡೆ. ಉಕ್ಕಿಗೆ ನಿಕಲ್ ಬೆರೆಸಿದರೆ ಯುದ್ಧನೌಕೆಯ ಕವಚ ಗಟ್ಟಿಯಾಗುತ್ತದೆ ಎಂದು 1890ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪರೀಕ್ಷೆಗಳು ತೋರಿಸಿದ ಮೇಲೆ ಪೀಡೆ ಬಂಗಾರವಾಯಿತು. 1902ರಲ್ಲಿ ಹಲವು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ನಿಕಲ್, ಅಂದರೆ ಮುಂದೆ ಇಂಕೊ ಎಂದು ಜಗತ್ತು ಕರೆದ ಕಂಪನಿ, ಹುಟ್ಟಿತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನಿಯ ಸರಕು ಸಬ್‌ಮರೀನ್ ಡಾಯ್ಚ್‌ಲ್ಯಾಂಡ್ ಅಮೆರಿಕದ ಬಂದರಿಗೇ ಬಂದು ನಿಕಲ್ ತುಂಬಿಕೊಂಡು ಹೋಯಿತು. ಅಮೆರಿಕ ಆಗಿನ್ನೂ ತಟಸ್ಥ. ತಮ್ಮ ಹುಡುಗರನ್ನು ಕೊಲ್ಲುವ ಫಿರಂಗಿಗೆ ತಮ್ಮದೇ ನೆಲದ ಲೋಹ ಹೋಗುತ್ತಿದೆ ಎಂದು ಕೆನಡಿಯನ್ನರು ರೊಚ್ಚಿಗೆದ್ದರು. ಎರಡು ವರ್ಷಗಳಲ್ಲಿ ಕಂಪನಿ ಒಂಟಾರಿಯೊದ ಪೋರ್ಟ್ ಕೋಲ್ಬರ್ನ್‌ನಲ್ಲಿ ಶುದ್ಧೀಕರಣ ಘಟಕ ತೆರೆಯಬೇಕಾಯಿತು.

ಕಾಡು ಹೋದದ್ದು ಅದಿರನ್ನು ಹುರಿಯುವ ವಿಧಾನದಿಂದ. ನಮ್ಮ ಹಳ್ಳಿಗಳಲ್ಲಿ ಇಟ್ಟಿಗೆ ಗೂಡು ಹಾಕುವಂತೆ, ಕಡಿದ ಮರದ ದಿಮ್ಮಿಗಳನ್ನು ಬಯಲಲ್ಲಿ ಹಾಸಿ, ಅದರ ಮೇಲೆ ಅದಿರನ್ನು ಒಟ್ಟಿ ಬೆಂಕಿ ಕೊಡುತ್ತಿದ್ದರು. ಸೌದೆ ಕೆಲವೇ ದಿನ ಉರಿಯುತ್ತಿತ್ತು. ಆಮೇಲೆ ಅದಿರಿನೊಳಗಿನ ಗಂಧಕವೇ ಹೊತ್ತಿಕೊಂಡು ತಿಂಗಳುಗಟ್ಟಲೆ ಹೊಗೆಯಾಡುತ್ತಿತ್ತು. ಚಿಮಣಿ ಇಲ್ಲದ್ದರಿಂದ ಹೊಗೆ ನೆಲಕ್ಕೇ ಒರಗಿ ಹರಿಯುತ್ತಿತ್ತು. ಕಾಡಿನ ಮೇಲೆ ಎರಡು ಕಡೆಯಿಂದ ಪೆಟ್ಟು: ಸೌದೆಗೆ ಮರ ಕಡಿದರು, ಉಳಿದ ಮರ ಹೊಗೆಗೆ ಸತ್ತಿತು. ಬೇರು ಹಿಡಿದಿಟ್ಟಿದ್ದ ಮಣ್ಣು ಮಳೆಗೆ ಕೊಚ್ಚಿಹೋಯಿತು. ಬರಿದಾದ ಬಂಡೆಯ ಮೈಗೆ ಹೊಗೆ ತಗಲಿ ಕಪ್ಪು ಹತ್ತಿತು. 1880ರ ದಶಕದ ಕೊನೆಯಿಂದ 1929ರವರೆಗೆ, ನಲವತ್ತು ವರ್ಷ, ಈ ಬಯಲು ಹುರಿತ ನಡೆಯಿತು.

ಸುತ್ತಲಿನ ರೈತರು ಸುಮ್ಮನಿರಲಿಲ್ಲ. ಬೆಳೆ ಸುಟ್ಟಿತೆಂದು ಕೋರ್ಟಿಗೆ ಹೋದರು. ಸರ್ಕಾರ 1921ರಲ್ಲಿ ಹೊಗೆಹಾನಿಗೆಂದೇ ಪ್ರತ್ಯೇಕ ಕಾಯಿದೆ ತಂದಿತು. ಕೇಳಲು ಒಳ್ಳೆಯದೇ. ಅದರ ಫಲ ಮಾತ್ರ ಹೀಗೆ: ರೈತ ಕೋರ್ಟಿನ ಬದಲು ಒಬ್ಬ ಮಧ್ಯಸ್ಥನ ಮುಂದೆ ಹೋಗಬೇಕು, ಆತ ಕೊಟ್ಟಷ್ಟು ಪರಿಹಾರ ಪಡೆದು ಮನೆಗೆ ಬರಬೇಕು, ಹೊಗೆಯನ್ನು ನಿಲ್ಲಿಸಿ ಎಂದು ಆದೇಶ ಕೊಡಿಸುವ ದಾರಿ ಮುಚ್ಚಿತು. ಹಾನಿಗೆ ಬೆಲೆ ಕಟ್ಟಿ ಹಾನಿಯನ್ನು ಮುಂದುವರಿಸುವ ಈ ಉಪಾಯ ಸಡ್‌ಬರಿಯಲ್ಲಿ ಮುಂದಿನ ಅರ್ಧ ಶತಮಾನ ನಡೆಯಿತು.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ನಿಕಲ್‌ನ ಬಹುಪಾಲು ಇಲ್ಲಿಂದಲೇ ಹೋಯಿತು. ಗಂಡಸರು ರಣರಂಗಕ್ಕೆ ಹೋದಾಗ, ಹೆಂಗಸರು ಗಣಿ ಕೆಲಸಕ್ಕೆ ಸೇರಬಾರದೆಂಬ ಕಾನೂನನ್ನು 1942ರಲ್ಲಿ ಸಡಿಲಿಸಿ 1,400ಕ್ಕೂ ಹೆಚ್ಚು ಮಹಿಳೆಯರನ್ನು ಮೇಲ್ಗಡೆಯ ಘಟಕಗಳಿಗೆ ತೆಗೆದುಕೊಂಡರು. ಯುದ್ಧ ಮುಗಿಯುತ್ತಿದ್ದಂತೆ ಅವರನ್ನು ಮನೆಗೆ ಕಳಿಸಿದ್ದೂ ಅಷ್ಟೇ ಬೇಗ. ಫಿನ್ಲೆಂಡ್, ಇಟಲಿ, ಉಕ್ರೇನ್‌ಗಳಿಂದ ಬಂದವರು, ಕ್ವಿಬೆಕ್ ಕಡೆಯ ಫ್ರೆಂಚರು, ಎಲ್ಲರೂ ಗಣಿಯ ಸುತ್ತ ತಮ್ಮ ತಮ್ಮ ಕೇರಿ ಕಟ್ಟಿಕೊಂಡರು. ಇವತ್ತಿಗೂ ಊರಿನ ಸುಮಾರು ಕಾಲುಭಾಗ ಜನರ ತಾಯ್ನುಡಿ ಫ್ರೆಂಚ್. ಸಂಬಳ ಚೆನ್ನಾಗಿತ್ತು. ಗಂಟಲು ಉರಿದರೆ ಅದನ್ನು ದುಡ್ಡಿನ ವಾಸನೆ ಎಂದುಕೊಂಡು ನುಂಗುವುದು ರೂಢಿಯಾಗಿತ್ತು.

1960ರ ದಶಕದ ಹೊತ್ತಿಗೆ ಇಂಕೊ ಒಂದೇ ವರ್ಷಕ್ಕೆ 20 ಲಕ್ಷ ಟನ್‌ಗೂ ಹೆಚ್ಚು ಗಂಧಕದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತಿತ್ತು. ಸಡ್‌ಬರಿ ಸುತ್ತ ಸುಮಾರು 20,000 ಹೆಕ್ಟೇರ್ ಪೂರ್ತಿ ಬೋಳಾಗಿತ್ತು. ಇನ್ನೂ 80,000 ಹೆಕ್ಟೇರ್‌ನಲ್ಲಿ ಕುಳ್ಳ ಬರ್ಚ್ ಪೊದೆಗಳು ಮಾತ್ರ ಹೇಗೋ ಜೀವ ಹಿಡಿದಿದ್ದವು. ಹುಳಿ ಮಣ್ಣನ್ನೇ ಇಷ್ಟಪಡುವ ಕಾಡು ಬ್ಲೂಬೆರಿ ಮಾತ್ರ ಅಲ್ಲಲ್ಲಿ ಸೊಗಸಾಗಿ ಬೆಳೆಯಿತು. ಊರವರು ಅದನ್ನು ಬುಟ್ಟಿ ತುಂಬ ಆರಿಸಿ ತಂದು ತಿಂದರು. ಊರಿಗೆ ಚಂದ್ರಲೋಕ ಎಂಬ ಅಡ್ಡಹೆಸರು ಬಿದ್ದದ್ದು ಈ ಕಾಲದಲ್ಲೇ.

ಆ ಅಡ್ಡಹೆಸರಿಗೆ ಮುದ್ರೆ ಒತ್ತಿದ್ದು ನಾಸಾ. 1971ರಲ್ಲಿ ಅಪೊಲೊ 16ರ ಗಗನಯಾತ್ರಿಗಳು, 1972ರಲ್ಲಿ ಅಪೊಲೊ 17ರವರು ಸಡ್‌ಬರಿಗೆ ತರಬೇತಿಗೆ ಬಂದರು. ನೆಲ ಚಂದ್ರನಷ್ಟು ಬೋಳಾಗಿರುವುದಕ್ಕೇ ಬಂದರೆಂದು ದೇಶವೆಲ್ಲ ನಕ್ಕಿತು. ಅವರು ಬಂದದ್ದು ಉಲ್ಕೆ ಅಪ್ಪಳಿಸಿದಾಗ ಪುಡಿಯಾಗಿ ಮತ್ತೆ ಬೆಸೆದುಕೊಂಡ ಶಿಲೆಗಳನ್ನು ಗುರುತಿಸಲು ಕಲಿಯಲಿಕ್ಕೆ. ಚಾರ್ಲಿ ಡ್ಯೂಕ್ ಚಂದ್ರನ ಮೇಲೆ ನಿಂತು ಅಲ್ಲಿನ ಕಲ್ಲೊಂದನ್ನು ಸಡ್‌ಬರಿಯ ಕಲ್ಲಿಗೆ ಹೋಲಿಸಿದ್ದೂ ಉಂಟು. ವಿಜ್ಞಾನದ ದೃಷ್ಟಿಯಿಂದ ಅದು ಊರಿಗೆ ಹೆಮ್ಮೆಯ ಮಾತು. ಆದರೆ ನಗೆಪಾಟಲಿನ ಕಥೆಗೆ ತಿದ್ದುಪಡಿ ಯಾವತ್ತೂ ಅಷ್ಟು ವೇಗವಾಗಿ ಓಡುವುದಿಲ್ಲ. ಸಡ್‌ಬರಿಯವರು ಇವತ್ತಿಗೂ ಹೊರಗಿನವರಿಗೆ ಇದನ್ನು ವಿವರಿಸುತ್ತಲೇ ಇದ್ದಾರೆ.

ಹೊಗೆ ಕಡಿಮೆ ಮಾಡಿ ಎಂದು ಒಂಟಾರಿಯೊ ಸರ್ಕಾರ 1970ರಲ್ಲಿ ಆದೇಶ ಹೊರಡಿಸಿತು. ಕಂಪನಿಯ ಉತ್ತರ ಕಾಪರ್ ಕ್ಲಿಫ್‌ನಲ್ಲಿ ಎದ್ದು ನಿಂತಿತು: 381 ಮೀಟರ್ ಎತ್ತರದ ಕಾಂಕ್ರೀಟ್ ಚಿಮಣಿ. ಕಟ್ಟುತ್ತಿದ್ದಾಗಲೇ, 1970ರ ಆಗಸ್ಟ್ 20ರಂದು, ಸುಂಟರಗಾಳಿ ಊರಿಗೆ ನುಗ್ಗಿ ಆರು ಜನರನ್ನು ಬಲಿ ತೆಗೆದುಕೊಂಡಿತು. ಚಿಮಣಿಯ ತುದಿಯಲ್ಲಿದ್ದ ಕೆಲಸಗಾರರು ತೂಗಾಡಿ ಬದುಕಿ ಬಂದರು. 1972ರಲ್ಲಿ ಸೂಪರ್‌ಸ್ಟ್ಯಾಕ್ ಎಂಬ ಹೆಸರಿನಲ್ಲಿ ಅದು ಕೆಲಸ ಶುರುಮಾಡಿದಾಗ ಜಗತ್ತಿನ ಅತಿ ಎತ್ತರದ ಚಿಮಣಿ ಅದೇ. ಎಂಬತ್ತರ ದಶಕದಲ್ಲಿ ಕಜಾಕಿಸ್ತಾನದ ಎಕಿಬಾಸ್ತುಜ್‌ನಲ್ಲಿ ಇನ್ನೂ ಎತ್ತರದ್ದು ಬರುವವರೆಗೆ ಆ ಪಟ್ಟ ಉಳಿಯಿತು. ಅದೇ 1972ರಲ್ಲಿ ಪಕ್ಕದ ಕೊನಿಸ್ಟನ್‌ನ ಹಳೆಯ ಕುಲುಮೆಯೂ ಮುಚ್ಚಿತು. ಊರಿನ ಗಾಳಿ ಕಣ್ಣಿಗೆ ಕಾಣುವಷ್ಟು ತಿಳಿಯಾಯಿತು.

ಹೊಗೆ ಹೋದದ್ದಾದರೂ ಎಲ್ಲಿಗೆ? ಗಾಳಿ ಕರೆದೊಯ್ದಲ್ಲಿಗೆ. ಸಡ್‌ಬರಿಯ ನೈರುತ್ಯಕ್ಕಿರುವ ಲಾ ಕ್ಲೋಶ್ ಬೆಟ್ಟಗಳ ಸರೋವರಗಳಲ್ಲಿ ಮೀನು ಮಾಯವಾಗುತ್ತಿರುವುದನ್ನು ಹೆರಾಲ್ಡ್ ಹಾರ್ವೆ ಮತ್ತು ರಿಚರ್ಡ್ ಬೀಮಿಶ್ 1960ರ ದಶಕದ ಕೊನೆಯಲ್ಲೇ ಗಮನಿಸಿದ್ದರು. ನೀರು ಹುಳಿಯಾಗಿ ಮೀನಿನ ಸಂತಾನವೇ ನಿಂತಿತ್ತು. ಉತ್ತರ ಅಮೆರಿಕದಲ್ಲಿ ಆಮ್ಲಮಳೆಯ ಚರ್ಚೆಗೆ ಬುನಾದಿ ಹಾಕಿದ ಅಧ್ಯಯನಗಳಲ್ಲಿ ಅದೂ ಒಂದು. ಹಾನಿಗೊಳಗಾದ ಸರೋವರಗಳ ಸಂಖ್ಯೆಯನ್ನು ಸುಮಾರು 7,000 ಎಂದು ಮುಂದೆ ಅಂದಾಜಿಸಿದರು. ನಿಮ್ಮ ವಿದ್ಯುತ್ ಸ್ಥಾವರಗಳ ಹೊಗೆ ನಮ್ಮ ಕೆರೆಗಳನ್ನು ಕೊಲ್ಲುತ್ತಿದೆ ಎಂದು ಅಮೆರಿಕದ ಮೇಲೆ ಕೆನಡಾ ದೂರು ಹೇಳುವಾಗಲೆಲ್ಲ ಈ ಚಿಮಣಿ ಹಿಂದೆ ನಿಂತು ಮುಜುಗರ ತರುತ್ತಿತ್ತು. ಆದರೂ ಒಂದನ್ನು ಒಪ್ಪಲೇಬೇಕು: ಊರ ಮೇಲೆ ಹೊಗೆ ಬೀಳುವುದು ತಗ್ಗದಿದ್ದರೆ ಗುಡ್ಡಗಳಲ್ಲಿ ಏನು ಬಿತ್ತಿದರೂ ಬದುಕುತ್ತಿರಲಿಲ್ಲ. ಸಡ್‌ಬರಿಯ ಹಸಿರಿನ ಮೊದಲ ಕಂತನ್ನು ಕಟ್ಟಿದ್ದು ದೂರದ ಸರೋವರಗಳು.

ಇನ್ನು ಮಣ್ಣಿನ ವಿಷಯ. 1960ರಲ್ಲಿ ಶುರುವಾದ ಲಾರೆನ್ಶಿಯನ್ ವಿಶ್ವವಿದ್ಯಾಲಯದಲ್ಲಿ ಕೀತ್ ವಿಂಟರ್‌ಹಾಲ್ಡರ್ ಎಂಬ ಸಸ್ಯವಿಜ್ಞಾನಿ ಇದ್ದರು. ಹೊಗೆ ಕಡಿಮೆಯಾದ ಮೇಲೂ ಗುಡ್ಡಗಳು ಏಕೆ ಹಸಿರಾಗುತ್ತಿಲ್ಲ ಎಂಬುದು ಅವರ ಪ್ರಶ್ನೆ. ಗಾಳಿಯಲ್ಲಿ ಬೀಜ ಹಾರಿ ಬರುತ್ತಿತ್ತು, ಮೊಳೆಯುತ್ತಲೂ ಇತ್ತು, ಆದರೆ ಬೇರು ಇಳಿಯುತ್ತಿರಲಿಲ್ಲ. ದಶಕಗಳ ಹೊಗೆಯಲ್ಲಿ ಬಿದ್ದ ತಾಮ್ರ, ನಿಕಲ್ ಮಣ್ಣಿನಲ್ಲಿ ಹಾಗೇ ಕೂತಿದ್ದವು. ಮಣ್ಣು ಹುಳಿಯಾಗಿದ್ದರಿಂದ ಅವು, ಜೊತೆಗೆ ಮಣ್ಣಿನದೇ ಅಲ್ಯೂಮಿನಿಯಂ, ನೀರಿನಲ್ಲಿ ಕರಗಿ ಎಳೆಬೇರಿನ ತುದಿಯನ್ನು ಸುಡುತ್ತಿದ್ದವು. ಲೋಹವನ್ನು ಹೊರತೆಗೆಯುವುದು ಆಗದ ಮಾತು. ಹುಳಿಯನ್ನು ಮುರಿದರೆ ಲೋಹ ಕರಗದೆ ಇದ್ದಲ್ಲೇ ಇರುತ್ತದೆ. ಅದಕ್ಕೆ ಸುಣ್ಣಕಲ್ಲಿನ ಪುಡಿ ಸಾಕು.

ಅವರ ತಂಡದ ಪ್ರಯೋಗಗಳಲ್ಲಿ ಕಂಡ ಸೊಗಸೆಂದರೆ, ಎಲ್ಲವನ್ನೂ ನೆಡಬೇಕಾಗಿರಲಿಲ್ಲ. ಸುಣ್ಣ, ಸ್ವಲ್ಪ ಗೊಬ್ಬರ, ಹುಲ್ಲು ಮತ್ತು ದ್ವಿದಳ ಜಾತಿಯ ಬೀಜದ ಮಿಶ್ರಣ, ಇಷ್ಟು ಎರಚಿದರೆ ಒಂದೆರಡು ವರ್ಷಗಳಲ್ಲಿ ಬರ್ಚ್, ಪಾಪ್ಲರ್, ವಿಲ್ಲೊ ಗಿಡಗಳು ತಾವಾಗಿಯೇ ಏಳುತ್ತಿದ್ದವು. ಕಾಡು ಹೊರಗೆ ಕಾಯುತ್ತಿತ್ತು. ಬಾಗಿಲು ತೆರೆಯಬೇಕಿತ್ತು ಅಷ್ಟೆ. ಈ ಲೆಕ್ಕಾಚಾರವನ್ನು ಕೈಗೆತ್ತಿಕೊಳ್ಳಲು 1973ರಲ್ಲೇ ಒಂದು ತಾಂತ್ರಿಕ ಸಮಿತಿ ಏರ್ಪಟ್ಟಿತ್ತು. ಅದರಲ್ಲಿ ವಿಶ್ವವಿದ್ಯಾಲಯದವರಿದ್ದರು, ಪ್ರಾಂತ್ಯ ಸರ್ಕಾರದ ಅಧಿಕಾರಿಗಳಿದ್ದರು, ಸ್ಥಳೀಯ ಆಡಳಿತದವರಿದ್ದರು, ಗಣಿ ಕಂಪನಿಗಳವರೂ ಇದ್ದರು. ಹಾಳು ಮಾಡಿದವರನ್ನು ಸಮಿತಿಯಲ್ಲಿ ಕೂರಿಸಿಕೊಳ್ಳುವುದೇ ಎಂದು ಸಿಟ್ಟು ಬರುವುದು ಸಹಜ. ಆದರೆ ಭೂಮಿಯ ಒಡೆತನ ಬಹುಪಾಲು ಅವರದೇ ಆಗಿದ್ದಾಗ ಬೇರೆ ದಾರಿಯೂ ಇರಲಿಲ್ಲ.

ಯೋಜನೆ ಕಾಗದದ ಮೇಲಿತ್ತು, ಕೈಗಳಿರಲಿಲ್ಲ. ಕೈಗಳನ್ನು ಒದಗಿಸಿದ್ದು ಆಗ ಬಂದ ಕಷ್ಟಕಾಲ. ನಿಕಲ್ ಬೆಲೆ ಕುಸಿದಿತ್ತು. 1978ರ ಬೇಸಿಗೆಯಲ್ಲಿ ಸರ್ಕಾರದ ಉದ್ಯೋಗ ನಿಧಿಯಿಂದ ಹಣ ತಂದು ಸ್ಥಳೀಯ ಆಡಳಿತ ವಿದ್ಯಾರ್ಥಿಗಳ ಬೆನ್ನಿಗೆ ಸುಣ್ಣದ ಚೀಲ ಏರಿಸಿತು. ಅವರ ರಜೆ ಮುಗಿದ ಹೊತ್ತಿಗೆ, ಸೆಪ್ಟೆಂಬರ್ 15ರಂದು, ಇಂಕೊದ 11,000ಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ಹೂಡಿದರು. ಗೋದಾಮಿನಲ್ಲಿ ಮಾರಾಟವಾಗದ ನಿಕಲ್ ಗುಡ್ಡೆ ಬಿದ್ದಿರುವಾಗ ಮುಷ್ಕರ ಮಾಡಿದರೆ ಕಂಪನಿಗೇ ಉಪಕಾರ ಎಂದು ಹಲವರು ಎಚ್ಚರಿಸಿದ್ದರು. ಆದರೂ ಯೂನಿಯನ್ನಿನ 6500ನೇ ಶಾಖೆ ಎಂಟೂವರೆ ತಿಂಗಳು ಜಗ್ಗಲಿಲ್ಲ. ಮೈನಸ್ ಇಪ್ಪತ್ತರ ಚಳಿಯಲ್ಲಿ ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂತರು. ಕಾರ್ಮಿಕರ ಹೆಂಡತಿಯರು ಬೇರೆಯೇ ಸಮಿತಿ ಕಟ್ಟಿದರು. ದವಸ ಧಾನ್ಯ ಕೂಡಿಸಿದರು, ಕ್ರಿಸ್‌ಮಸ್‌ಗೆ ಮಕ್ಕಳಿಗೆ ಆಟಿಕೆ ಹೊಂದಿಸಿದರು. 1958ರ ಮುಷ್ಕರವನ್ನು ಹೆಂಡತಿಯರೇ ಮುರಿದರು ಎಂಬ ಅಪವಾದ ಊರಲ್ಲಿ ಇಪ್ಪತ್ತು ವರ್ಷ ಓಡಾಡಿತ್ತು. ಈ ಸಲ ಅದಕ್ಕೆ ಅವರು ಕೆಲಸದಿಂದಲೇ ಉತ್ತರ ಕೊಟ್ಟರು. 1979ರ ಜೂನ್‌ನಲ್ಲಿ ಒಪ್ಪಂದವಾಯಿತು. ಪಿಂಚಣಿಯ ವಿಷಯದಲ್ಲಿ ಗೆದ್ದರು. ಕಳೆದುಹೋದ ಸಂಬಳ ಮಾತ್ರ ಎಷ್ಟೋ ಮನೆಗಳಿಗೆ ವರ್ಷಗಳವರೆಗೆ ಭಾರವಾಗಿಯೇ ಉಳಿಯಿತು.

ನನ್ನ ಮಟ್ಟಿಗೆ ಇವತ್ತಿನ ಸಡ್‌ಬರಿ ಹುಟ್ಟಿದ್ದು ಆ ತಿಂಗಳುಗಳಲ್ಲಿ. ಒಂದೇ ಒಡೆಯನನ್ನು ನಂಬಿ ಕೂರಬಾರದೆಂಬುದು ಆಗ ಬಾಯಿಮಾತಿನಿಂದ ಲೆಕ್ಕದ ಪುಸ್ತಕಕ್ಕೆ ಇಳಿಯಿತು. ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ದೊಡ್ಡ ತೆರಿಗೆ ಕಚೇರಿ ಊರಿಗೆ ಬಂತು. ಟಾಮ್ ಡೇವಿಸ್ ಪ್ರಾದೇಶಿಕ ಆಡಳಿತದ ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ಗುಡ್ಡದ ಕೆಲಸ ಬಜೆಟ್ಟಿನ ಖಾಯಂ ಬಾಬ್ತಾಯಿತು. ಮತ್ತೊಮ್ಮೆ ಗಣಿ ನಿಂತ 1982–83ರಲ್ಲಿ ಮನೆಯಲ್ಲಿ ಕೂತಿದ್ದ ಗಣಿ ಕಾರ್ಮಿಕರೂ ಸುಣ್ಣ ಎರಚಲು ಬಂದರು. ತಾವು ದುಡಿದ ಕುಲುಮೆಯ ಹೊಗೆ ಸುಟ್ಟ ಗುಡ್ಡಕ್ಕೆ ತಾವೇ ಸುಣ್ಣ ಹಾಕಿದರು.

1984ರ ಜೂನ್‌ನಲ್ಲಿ ರಾಮ್ಸೆ ಸರೋವರದ ದಂಡೆಯ ಬಂಡೆಯ ಮೇಲೆ ಸೈನ್ಸ್ ನಾರ್ತ್ ಎಂಬ ವಿಜ್ಞಾನ ಕೇಂದ್ರ ತೆರೆಯಿತು. ವಾಸ್ತುಶಿಲ್ಪಿ ರೇಮಂಡ್ ಮೊರಿಯಾಮ ಅದಕ್ಕೆ ಹಿಮಹರಳಿನ ಆಕಾರ ಕೊಟ್ಟಿದ್ದರು. ಅದೇ ತಿಂಗಳ 20ರಂದು ಫಾಲ್ಕನ್‌ಬ್ರಿಜ್ ಗಣಿಯಲ್ಲಿ ಒತ್ತಡಕ್ಕೆ ಶಿಲೆ ಸಿಡಿದು ನಾಲ್ವರು ಸತ್ತರು. ಆ ದಿನ ಇಂದಿಗೂ ಅಲ್ಲಿ ಕಾರ್ಮಿಕರ ಸ್ಮರಣೆಯ ದಿನ. ಸುಧಾರಣೆಯ ಕಥೆ ಹೇಳುವವರು ಮೊದಲನೆಯದನ್ನು ನೆನೆಯುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಊರು ಮಾತ್ರ ಎರಡನ್ನೂ ಮರೆತಿಲ್ಲ.

ಚಿಮಣಿಯ ಬಾಯಿಗೆ ಕೈ ಹಾಕಿದ್ದು 1985ರಲ್ಲಿ. ಆಮ್ಲಮಳೆಯ ವಿರುದ್ಧ ಒಂಟಾರಿಯೊ ತಂದ ನಿಯಮದ ಪ್ರಕಾರ 1994ರೊಳಗೆ ಇಂಕೊ ವರ್ಷಕ್ಕೆ 2,65,000 ಟನ್‌ಗಿಂತ ಹೆಚ್ಚು ಗಂಧಕದ ಡೈಆಕ್ಸೈಡ್ ಬಿಡುವಂತಿರಲಿಲ್ಲ. ಸಾಧ್ಯವೇ ಇಲ್ಲವೆಂದು ವರ್ಷಗಟ್ಟಲೆ ಹೇಳಿದ್ದ ಕಂಪನಿ ಕುಲುಮೆಗಳನ್ನು ಬದಲಿಸಿ ಗಡುವಿನೊಳಗೇ ಅದನ್ನು ಸಾಧಿಸಿತು. ಹಿಡಿದಿಟ್ಟ ಅನಿಲದಿಂದ ಗಂಧಕಾಮ್ಲ ಮಾಡಿ ಮಾರಿತು ಕೂಡ. ಸಾಧ್ಯವಿಲ್ಲ ಎಂಬ ಮಾತಿನ ಆಯುಷ್ಯ ಕಾನೂನು ಬರುವವರೆಗೆ ಮಾತ್ರ. 2006ರಲ್ಲಿ ಬ್ರೆಜಿಲ್‌ನ ವಾಲೆ ಇಂಕೊವನ್ನು ಕೊಂಡಿತು. 2009–10ರಲ್ಲಿ ಅದರ ಜೊತೆಗೂ ವರ್ಷದುದ್ದದ ಮುಷ್ಕರ ನಡೆಯಿತು. 100 ಕೋಟಿ ಡಾಲರ್ ವೆಚ್ಚದ ಮತ್ತೊಂದು ಶುದ್ಧೀಕರಣ ಯೋಜನೆ 2018ರಲ್ಲಿ ಮುಗಿದ ಮೇಲೆ ಅಷ್ಟೆತ್ತರದ ಚಿಮಣಿಯೇ ಬೇಡವಾಯಿತು. 2020ರಲ್ಲಿ ಸೂಪರ್‌ಸ್ಟ್ಯಾಕ್ ಉಸಿರು ನಿಲ್ಲಿಸಿತು. ಈಗ ಅದನ್ನು ಕೆಡವುವ ಕೆಲಸವೂ ಶುರುವಾಗಿದೆ.

ಗುಡ್ಡಗಳಿಗೆ ಪೈನ್ ಸಸಿಗಳು ಬಂದವು. 1992ರಲ್ಲಿ ರಿಯೊ ಭೂಶೃಂಗಸಭೆಯ ಸಂದರ್ಭದಲ್ಲಿ ವಿಶ್ವಸಂಸ್ಥೆ ಸಡ್‌ಬರಿಯ ಸ್ಥಳೀಯ ಆಡಳಿತವನ್ನು ಗೌರವಿಸಿತು. 2022ರಲ್ಲಿ ನೆಟ್ಟ ಗಿಡಗಳ ಲೆಕ್ಕ ಒಂದು ಕೋಟಿ ಮುಟ್ಟಿತು. ಸತ್ತ ಸರೋವರಗಳು ಯಾವ ಕ್ರಮದಲ್ಲಿ ಚೇತರಿಸಿಕೊಳ್ಳುತ್ತವೆ ಎಂಬುದನ್ನು ಓದಲು ಲಾರೆನ್ಶಿಯನ್‌ಗೆ ಹೊರದೇಶಗಳಿಂದ ಸಂಶೋಧಕರು ಬರುತ್ತಾರೆ. ಹಲವು ಸರೋವರಗಳಿಗೆ ಟ್ರೌಟ್ ಮೀನು ಮರಳಿದೆ.

ಹಾಗೆಂದು ಊರನ್ನು ತೀರಾ ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಸುಣ್ಣ ಬಿದ್ದದ್ದು ಸುಮಾರು 3,500 ಹೆಕ್ಟೇರ್‌ಗೆ. ಹಾಳಾದದ್ದು ಒಂದು ಲಕ್ಷ ಹೆಕ್ಟೇರ್. ಮಣ್ಣಿನೊಳಗಿನ ಲೋಹ ಅಲ್ಲೇ ಇದೆ. ರಾಮ್ಸೆ ಸರೋವರಕ್ಕೆ ಈಗ ರಸ್ತೆಯ ಹಿಮ ಕರಗಿಸಲು ಸುರಿಯುವ ಉಪ್ಪಿನ ಕಾಟ. ಊರಿನ ಚೇತರಿಕೆಗೆ ಬುದ್ಧಿ ಒದಗಿಸಿದ ಲಾರೆನ್ಶಿಯನ್ ವಿಶ್ವವಿದ್ಯಾಲಯವೇ 2021ರ ಫೆಬ್ರವರಿಯಲ್ಲಿ ದಿವಾಳಿಯೆಂದು ಕೋರ್ಟಿನ ರಕ್ಷಣೆ ಕೇಳಿತು. ಏಪ್ರಿಲ್‌ನಲ್ಲಿ 69 ಕೋರ್ಸುಗಳನ್ನು ಒಂದೇ ಏಟಿಗೆ ಮುಚ್ಚಿತು. ಈಚಿನ ವರ್ಷಗಳಲ್ಲಿ ಇಲ್ಲಿನ ಕಾಲೇಜುಗಳನ್ನು ತುಂಬಿದ್ದ, ಭಾರತದವರೂ ಸೇರಿದಂತೆ ಹೊರದೇಶಗಳ ವಿದ್ಯಾರ್ಥಿಗಳ ಸಂಖ್ಯೆಗೆ 2024ರಲ್ಲಿ ಕೆನಡಾ ಸರ್ಕಾರ ಮಿತಿ ಹಾಕಿದ ಮೇಲೆ ಆ ಆದಾಯವೂ ಅಲುಗಾಡಿದೆ.

ನಮಗೂ ಈ ಊರಿಗೂ ಒಂದು ನೆಂಟಸ್ತಿಕೆ ಉಂಟು, ಅದು ನೆಲದಡಿಯದು. ಸಡ್‌ಬರಿಯ ಕ್ರೈಟನ್ ಗಣಿಯಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ, 1,000 ಟನ್ ಭಾರಜಲ ತುಂಬಿಟ್ಟು ಸೂರ್ಯನಿಂದ ಬರುವ ನ್ಯೂಟ್ರಿನೊ ಕಣಗಳನ್ನು ಹಿಡಿದರು. ಆ ಕಣಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತವೆ ಎಂದು 2001ರ ಜೂನ್‌ನಲ್ಲಿ ಪ್ರಕಟವಾದ ಫಲಿತಾಂಶಕ್ಕಾಗಿ ಆರ್ಥರ್ ಮೆಕ್‌ಡೊನಾಲ್ಡ್‌ಗೆ 2015ರ ನೊಬೆಲ್ ಪಾಲು ಬಂತು. ಗಣಿಯ ಆಳದಲ್ಲಿ ನ್ಯೂಟ್ರಿನೊ ಹುಡುಕುವ ವಿದ್ಯೆಯಲ್ಲಿ ಮೊದಲಿಗರ ಪೈಕಿ ನಮ್ಮ ಕೋಲಾರ ಚಿನ್ನದ ಗಣಿಯೂ ಒಂದು. 1965ರಲ್ಲೇ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದ್ದರು. ಸಡ್‌ಬರಿಯ ಫಲಿತಾಂಶ ಬಂದ ಅದೇ 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಗಳಿಗೆ ಬೀಗ ಬಿತ್ತು.

ಸಡ್‌ಬರಿಯ ಪ್ರಯೋಗಶಾಲೆ ಇವತ್ತು ಸ್ನೋಲ್ಯಾಬ್ ಎಂಬ ಹೆಸರಿನಲ್ಲಿ ಬೆಳೆದು ನಿಂತಿದೆ. ಕೆಜಿಎಫ್‌ನಲ್ಲಿ ಉಳಿದದ್ದು ಸೈನೈಡ್ ಗುಡ್ಡಗಳು, ಗಾಳಿಗಾಲದಲ್ಲಿ ಮನೆಯೊಳಗೆ ನುಗ್ಗುವ ಬಿಳಿ ದೂಳು, ಬೆಳಗಿನ ರೈಲಿಗೆ ಬೆಂಗಳೂರಿಗೆ ಕೂಲಿಗೆ ಹೊರಡುವ ಜನ. ಸಡ್‌ಬರಿಯ ಸುಣ್ಣ ಕೆಜಿಎಫ್‌ಗೆ ಮದ್ದಲ್ಲ. ಇಲ್ಲಿನ ಮಣ್ಣು ಬೇರೆ, ವಿಷ ಬೇರೆ, ಮಳೆ ಬೇರೆ. ಆದರೆ ಕಂಪನಿ, ವಿಶ್ವವಿದ್ಯಾಲಯ, ಸ್ಥಳೀಯ ಆಡಳಿತವನ್ನು ಒಂದೇ ಮೇಜಿಗೆ ಹೇಗೆ ಕೂರಿಸಿದರು, ಕೆಲಸವಿಲ್ಲದವರಿಗೆ ಕೂಲಿ ಕೊಡುವ ಹಣವನ್ನು ಗುಡ್ಡಕ್ಕೆ ಹೇಗೆ ತಿರುಗಿಸಿದರು, ಯಾವ ವರ್ಷ ಎಷ್ಟು ಜಾಗಕ್ಕೆ ಏನು ಹಾಕಿದರು ಎಂಬುದೆಲ್ಲ ಬರವಣಿಗೆಯಲ್ಲಿದೆ, ಯಾರು ಬೇಕಾದರೂ ಓದಬಹುದು. ಅದನ್ನು ತರಿಸಿ ನೋಡುವುದಕ್ಕೆ ನಮ್ಮ ಸರ್ಕಾರಕ್ಕಾಗಲಿ ಕೆಜಿಎಫ್‌ನ ನಗರಸಭೆಗಾಗಲಿ ದೊಡ್ಡ ಖರ್ಚೇನೂ ಬೀಳುವುದಿಲ್ಲ.